ಕಂಪ್ಯೂಟರ್ ಎಂಬ್ರಾಯ್ಡರಿ ಘಟಕ: ಗಂಟೆಯ ಖರ್ಚು ಗೊತ್ತಿಲ್ಲದೆ ಹೇಳಿದ ದರ

ಮಧ್ಯ ಕರ್ನಾಟಕದ ಜಿಲ್ಲಾ ಕೇಂದ್ರವೊಂದರಿಂದ ಸಲಹೆಗೆ ಬಂದಿದ್ದ ಮಹಿಳೆಯನ್ನು ಇಲ್ಲಿ ಶ್ರೀಮತಿ ‘ಕ’ ಎಂದು ಕರೆಯುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬ್ಯಾಂಕ್ ಸಾಲದಿಂದ ಹನ್ನೆರಡು ಸೂಜಿಯ, ಒಂದೇ ಹೆಡ್ (ಒಮ್ಮೆಗೆ ಒಂದು ಬಟ್ಟೆ ಹೊಲಿಯುವ ಭಾಗ) ಇರುವ ಯಂತ್ರ ಕೊಂಡು ಅವರು ರವಿಕೆಗಳಿಗೆ ಎಂಬ್ರಾಯ್ಡರಿ ಮಾಡಿಕೊಡುತ್ತಿದ್ದರು. ಕೆಲಸಕ್ಕೆ ಬರವಿರಲಿಲ್ಲ, ಆದರೂ ಕಂತು ಕಟ್ಟಲು ಪ್ರತಿ ತಿಂಗಳೂ ಕೈಸಾಲ ಮಾಡಬೇಕಾಗಿತ್ತು. “ಹಗಲೂ ರಾತ್ರಿ ದುಡೀತೀನಿ ಮೇಡಂ, ದುಡ್ಡು ಎಲ್ಲಿ ಸೋರಿಹೋಗ್ತಿದೆಯೋ ತಿಳೀತಿಲ್ಲ. ನಮ್ಮನೆಯವರು ಯಂತ್ರ ಮಾರಿಬಿಡು ಅಂತಾರೆ” ಎಂದರು. ತಾನು ವ್ಯವಹಾರಕ್ಕೆ ಲಾಯಕ್ಕಲ್ಲ ಎಂದು ಅವರು ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಬರಿಯ ಸಮಾಧಾನದ ಮಾತಿನಿಂದ ಆ ತೀರ್ಮಾನ ಕದಲುವಂತಿರಲಿಲ್ಲವಾದ್ದರಿಂದ, ಯಂತ್ರದ ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟು ಪ್ರತಿ ಕೆಲಸ ಶುರುವಾದ ಮತ್ತು ಮುಗಿದ ಹೊತ್ತನ್ನು ಬರೆದು ತರಲು ಹೇಳಿದೆ.

ಅದುವರೆಗೆ ಅವರು ನೂಲು, ಬಟ್ಟೆಯ ಅಡಿಗಿಡುವ ಬ್ಯಾಕಿಂಗ್ ಪೇಪರ್, ಕರೆಂಟು ಇಷ್ಟನ್ನೇ ಕೂಡಿ, ಪಕ್ಕದ ಬೀದಿಯ ಅಂಗಡಿಯ ದರ ನೋಡಿ ಬೆಲೆ ಹೇಳುತ್ತಿದ್ದರು. ಯಂತ್ರದ ಸವಕಳಿ, ಅಂದರೆ ಬಳಸುತ್ತ ಹೋದಂತೆ ಕರಗುವ ಅದರ ಬೆಲೆ, ಆ ಲೆಕ್ಕದಲ್ಲಿ ಇರಲಿಲ್ಲ, ಅವರ ಸ್ವಂತ ಕೂಲಿಯೂ ಇರಲಿಲ್ಲ. ನಾವು ಸೇರಿ ಬರೆದಾಗ ತಿಂಗಳಿಗೆ ಸವಕಳಿ 5,000, ಸಾಲದ ಬಡ್ಡಿ 3,000, ಬಾಡಿಗೆ 4,000, ವಿದ್ಯುತ್ 1,500, ರಿಪೇರಿ ಮತ್ತು ಬಿಡಿಭಾಗ 1,500, ಅವರ ಕೂಲಿ 13,000, ಒಟ್ಟು 28,000 ರೂಪಾಯಿ ಆಯಿತು. ಸವಕಳಿಯನ್ನು ಲೆಕ್ಕ ಹಿಡಿದ ಮೇಲೆ ಕಂತಿನಲ್ಲಿರುವ ಅಸಲನ್ನು ಮತ್ತೆ ಖರ್ಚೆಂದು ಸೇರಿಸಿದರೆ ಯಂತ್ರದ ಬೆಲೆಯನ್ನು ಎರಡು ಸಲ ಎಣಿಸಿದಂತಾಗುತ್ತದೆ. ಕಂತಿಗೆ ಹಣ ಹೊಂದಿಸುವ ಲೆಕ್ಕ ಬೇರೆಯೇ ಇರಬೇಕು.

ಅಂಗಡಿ ತಿಂಗಳಿಗೆ 200 ಗಂಟೆ ತೆರೆದಿದ್ದರೂ, ಕರೆಂಟು ಹೋಗುವುದು, ಗಿರಾಕಿಗಳಿಗೆ ಡಿಸೈನ್ ತೋರಿಸುವುದು ಇತ್ಯಾದಿ ಕಳೆದು ಯಂತ್ರದ ಕೆಲಸಕ್ಕೆ ಸಂದದ್ದು 140 ಗಂಟೆ ಎಂದು ನೋಟ್‌ಬುಕ್ ಹೇಳುತ್ತಿತ್ತು. ಹಾಗಾಗಿ ಒಂದು ಗಂಟೆಯ ಖರ್ಚು 200 ರೂಪಾಯಿ. ಪರದೆಯ ಮೇಲೆ ನಿಮಿಷಕ್ಕೆ 850 ಸ್ಟಿಚ್ ಎಂದು ಕಂಡರೂ, ಬಣ್ಣ ಬದಲಾಗುವಾಗ, ನೂಲು ಕಡಿದಾಗ ನಿಲ್ಲುವುದರಿಂದ, ಜರಿ ನೂಲಿಗೆ ವೇಗ ತಗ್ಗಿಸಲೇಬೇಕಾದ್ದರಿಂದ, ಸರಾಸರಿ ಸಿಗುತ್ತಿದ್ದದ್ದು 600 ಮಾತ್ರ. ಬೆನ್ನು ಮತ್ತು ಎರಡು ತೋಳುಗಳಿಗೆ 60,000 ಸ್ಟಿಚ್ ಬೀಳುವ ರವಿಕೆಗೆ ಹೊಲಿಗೆಯೇ 100 ನಿಮಿಷ, ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ಫ್ರೇಮನ್ನು ಮೂರು ಸಲ ಹಾಕಿ ತೆಗೆಯಲು ಇನ್ನು 20 ನಿಮಿಷ. ಎರಡು ಗಂಟೆಗೆ 400, ಸಾಮಗ್ರಿ ಮತ್ತು ಹಾಳಾಗುವ ಬಟ್ಟೆಯ ಪಾಲು 80, ಒಟ್ಟು 480. ಅವರು ಪಡೆಯುತ್ತಿದ್ದದ್ದು 450.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಶಾಲಾ ಸಮವಸ್ತ್ರದ ಲೋಗೋಗಳಿಂದ. ಮೇ ತಿಂಗಳಲ್ಲಿ 300 ಲೋಗೋಗಳನ್ನು ತಲಾ 25 ರೂಪಾಯಿಗೆ ಒಪ್ಪಿಕೊಂಡಿದ್ದರು. ಲೋಗೋಗೆ 6,000 ಸ್ಟಿಚ್, ಅಂದರೆ ಹತ್ತು ನಿಮಿಷ. ಆದರೆ ಸ್ಟಿಚ್ ಕಡಿಮೆಯಾದಂತೆ ಫ್ರೇಮ್ ಹಾಕುವ ಹೊತ್ತು ಕಡಿಮೆಯಾಗುವುದಿಲ್ಲ, ಅದಕ್ಕೆ ಮತ್ತೈದು ನಿಮಿಷ ಬೇಕು. ಹೀಗೆ 75 ಗಂಟೆ ಹೋಯಿತು. ಸಾಮಗ್ರಿಯ 1,200 ಕಳೆದು ಉಳಿದ 6,300 ರೂಪಾಯಿ ಗಂಟೆಗೆ 84ರಂತೆ ಬಿತ್ತು. ಅದು ಮದುವೆಗಳ ಕಾಲವಾದ್ದರಿಂದ, ಸಾಮಗ್ರಿ ಕಳೆದು ಗಂಟೆಗೆ 185 ತರಬಲ್ಲ ರವಿಕೆಗಳನ್ನು ಅದೇ ವಾರಗಳಲ್ಲಿ ವಾಪಸ್ ಕಳಿಸಿದ್ದರು. ಆ ಅಂಕಿಗಳನ್ನು ನೋಡುತ್ತ ಅವರು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ನಾನು ಸೋಮಾರಿಯಲ್ಲ” ಎಂದರು. ಅವರನ್ನು ಅಷ್ಟು ದಿನ ಕೊರೆಯುತ್ತಿದ್ದದ್ದು ಇದೇ ಮಾತು ಎಂಬುದು ನನಗೆ ಆಗ ತಿಳಿಯಿತು.

ರವಿಕೆಯ ದರವನ್ನು 600ಕ್ಕೆ ಏರಿಸಲು, ಒಂದು ಫ್ರೇಮ್ ಹೊಲಿಯುತ್ತಿರುವಾಗಲೇ ಮುಂದಿನದನ್ನು ಸಿದ್ಧಪಡಿಸಲು ಇನ್ನೊಂದು ಫ್ರೇಮ್ ಕೊಳ್ಳಲು, ಹೊಸ ಡಿಸೈನ್ ಬೇಕೆಂದವರಿಂದ ಪಂಚಿಂಗ್ (ಡಿಸೈನನ್ನು ಯಂತ್ರ ಓದುವ ಫೈಲಾಗಿ ಮಾಡುವ ಕೆಲಸ) ಶುಲ್ಕವನ್ನು ಬೇರೆಯಾಗಿಯೇ ಪಡೆಯಲು ಸಲಹೆ ಕೊಟ್ಟೆ. ಹತ್ತಾರು ಹೆಡ್‌ಗಳ ಯಂತ್ರವಿರುವವರೊಂದಿಗೆ ಲೋಗೋ ದರದಲ್ಲಿ ಪೈಪೋಟಿಗಿಳಿಯುವುದು ಒಂಟಿ ಹೆಡ್‌ನವರಿಗೆ ಸಾಧ್ಯವೇ ಇಲ್ಲ. ಅಂಥ ಆರ್ಡರನ್ನು ಅವರಿಗೇ ವಹಿಸಿ ಕಮಿಷನ್ ಪಡೆಯುವುದು ಮೇಲು. ಆಷಾಢದಲ್ಲಿ ಯಂತ್ರ ಖಾಲಿ ನಿಂತಿರುವಾಗ ಮಾತ್ರ ಸಾಮಗ್ರಿ ಖರ್ಚನ್ನು ಮೀರಿ ಒಂದಿಷ್ಟು ಕೈಗೆ ಸಿಗುವ ಕಡಿಮೆ ದರದ ಕೆಲಸವನ್ನು ಹಿಡಿಯಬಹುದು.

ನೆಂಟರ ವಿಷಯ ಇಷ್ಟು ಸುಲಭವಾಗಿರಲಿಲ್ಲ. ಓರಗಿತ್ತಿ ಮತ್ತು ನಾದಿನಿಯರು ನೂಲಿನ ದುಡ್ಡಷ್ಟೇ ಕೊಡುತ್ತಿದ್ದರು. ಕೇಳಿದರೆ ಮನಸ್ತಾಪವಾದೀತೆಂಬ ಅಳುಕು. ಅವರಿಗೂ ಪೂರ್ತಿ ಮೊತ್ತದ ರಸೀದಿ ಬರೆದು, ಅದರಲ್ಲೇ ರಿಯಾಯಿತಿಯನ್ನು ಕಾಣಿಸುವಂತೆ ಹೇಳಿದೆ. ಉಡುಗೊರೆ ಕೊಡುವುದು ತಪ್ಪಲ್ಲ, ಆದರೆ ಕೊಟ್ಟದ್ದೆಷ್ಟೆಂದು ಕೊಟ್ಟವರಿಗೂ ಪಡೆದವರಿಗೂ ತಿಳಿದಿರಬೇಕು.

ಮುಂದಿನ ಭೇಟಿಗೆ ಪತಿಯೂ ಬಂದಿದ್ದರು. ಲೆಕ್ಕ ನೋಡಿದವರು ಯಂತ್ರ ಮಾರುವ ಮಾತು ಬಿಟ್ಟು, ಇನ್ನೊಂದನ್ನು ಕೊಳ್ಳೋಣವೇ ಎಂದು ಕೇಳಿದರು. ಇರುವ ಯಂತ್ರ ಹೊಸ ದರದಲ್ಲಿ ಕೆಲವು ತಿಂಗಳು ಸತತವಾಗಿ 170 ಗಂಟೆ ದುಡಿದದ್ದು ನೋಟ್‌ಬುಕ್ಕಿನಲ್ಲಿ ಕಾಣುವವರೆಗೆ ಬೇಡ ಎಂದೆ.