ಬೆನ್ನು ಮುರಿದರೆ ಪರಿಹಾರ ಎಷ್ಟು?

ಪ್ರಶ್ನೆ: ನನಗೆ 38 ವರ್ಷ, ಗಾರೆ ಕೆಲಸ. ನಾಲ್ಕು ತಿಂಗಳ ಹಿಂದೆ ಕಾರೊಂದು ನನ್ನ ಬೈಕಿಗೆ ಹಿಂದಿನಿಂದ ಗುದ್ದಿ ಬೆನ್ನುಮೂಳೆ ಮುರಿಯಿತು. ಪೊಲೀಸ್ ಕೇಸ್ ಆಗಿದೆ. ಡಾಕ್ಟರು ಶೇ. 20 ಊನ ಎಂದಿದ್ದಾರೆ. ಸಿಮೆಂಟ್ ಚೀಲ ಎತ್ತಲು ಆಗುತ್ತಿಲ್ಲ. ಕಾರಿನವರು ಆಸ್ಪತ್ರೆ ಬಿಲ್ ಕೊಟ್ಟು ರಾಜಿ ಆಗೋಣ ಅನ್ನುತ್ತಾರೆ. ಒಪ್ಪಲೇ?
— ಓದುಗರು, ತಿಪಟೂರು

ಉತ್ತರ: ದಯವಿಟ್ಟು ಒಪ್ಪಬೇಡಿ. ಬಿಲ್ಲು ನಿಮ್ಮ ನಷ್ಟದಲ್ಲಿ ಸಣ್ಣ ಪಾಲು ಅಷ್ಟೆ. ದೊಡ್ಡದು ಮುಂದಿನ ದುಡಿಮೆ.

ಶೇ. 20 ಎಂಬ ಅಂಕಿಗೆ ಅಂಟಿಕೊಳ್ಳಬೇಡಿ. ದೇಹದ ಊನ ಬೇರೆ, ಗಳಿಕೆಯ ನಷ್ಟ ಬೇರೆ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ರಾಜ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಕುಳಿತು ಲೆಕ್ಕ ಬರೆಯುವವರಿಗೆ ಆಗುವ ನಷ್ಟವೂ ಭಾರ ಹೊರುವ ನಿಮ್ಮ ನಷ್ಟವೂ ಒಂದೇ ಅಲ್ಲ, ಅಲ್ವಾ? ತಿಂಗಳಿಗೆ 15,000 ದುಡಿಯುತ್ತಿದ್ದಿರಿ ಎನ್ನೋಣ. ವರ್ಷಕ್ಕೆ 1,80,000. ಮುಂದಿನ ಏರಿಕೆಗೆ ಶೇ. 40 ಸೇರಿಸಿದರೆ 2,52,000. ನಿಮ್ಮ ವಯಸ್ಸಿಗೆ ಗುಣಕ, ಅಂದರೆ ವರ್ಷದ ಗಳಿಕೆಯನ್ನು ಗುಣಿಸುವ ಸಂಖ್ಯೆ, 15. ಗಳಿಕೆಯ ನಷ್ಟ ಶೇ. 20 ಎಂದರೆ 7,56,000, ಶೇ. 40 ಎಂದು ಒಪ್ಪಿದರೆ 15,12,000. ನೋವು, ಚಿಕಿತ್ಸೆ, ಮನೆಯಲ್ಲೇ ಕಳೆದ ತಿಂಗಳುಗಳ ಕೂಲಿ ಇದಕ್ಕೆ ಜಾಸ್ತಿ ಸೇರುತ್ತವೆ.

ಹಾಗಾಗಿ ಡಾಕ್ಟರ ಸಾಕ್ಷ್ಯ ಬಹಳ ಮುಖ್ಯ. ಯಾವ ಕೆಲಸ ಆಗದು ಎಂದು ಅವರು ಬಿಡಿಸಿ ಹೇಳಬೇಕು. ಕೂಲಿಗೆ ದಾಖಲೆ ಇಲ್ಲದಿದ್ದರೆ ಮೇಸ್ತ್ರಿಯನ್ನು ಸಾಕ್ಷಿಗೆ ಕರೆಸಿ.

ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಪರಿಹಾರದ ಅರ್ಜಿಗೆ 6 ತಿಂಗಳ ಗಡುವು ಇಟ್ಟಿದೆ. ಈ ವಾರವೇ ವಕೀಲರನ್ನು ಕಾಣಿ. ನೀವು ವಾಸವಿರುವ ಊರಿನ ವ್ಯಾಪ್ತಿಯ ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು.