ಪಲ್ಮನರಿ ಹೈಪರ್‌ಟೆನ್ಷನ್ ಇದ್ದವರು ವ್ಯಾಯಾಮ ಮಾಡಬಹುದಾ, ಇಲ್ಲಾ ರೆಸ್ಟ್‌ನಲ್ಲೇ ಇರಬೇಕಾ?

ತಾಯಿಗೆ 54 ವರ್ಷ, ಪಲ್ಮನರಿ ಹೈಪರ್‌ಟೆನ್ಷನ್‌ಗೆ ವರ್ಷದಿಂದ ಗುಳಿಗೆ ನಡೆದಾವೆ, ಡಾಕ್ಟರು ವ್ಯಾಯಾಮ ಶುರು ಮಾಡಿಸಿ ಅಂತಾರೆ, ಮನೆಯ ಹಿರಿಯರು ಹಾಸಿಗೆ ಬಿಟ್ಟು ಏಳಬೇಡ ಅಂತಾರೆ, ಯಾರ ಮಾತು ಕೇಳೋದು ಅಂತ ಬರೆದೀರಿ. ಡಾಕ್ಟರ ಮಾತು ಕೇಳ್ರಿ. ನಾನು ಡಾಕ್ಟರಲ್ಲ, ಇದೇ ರೋಗದ ಪೇಶಂಟು. ಹುಬ್ಬಳ್ಳಿ ಉಣಕಲ್‌ನವಳು, ಆರು ವರ್ಷ ಆಯ್ತು.

ಹಿರಿಯರದೂ ತಪ್ಪಿಲ್ಲ, ಮೊದಲು ಡಾಕ್ಟರುಗಳೇ ಹಂಗ ಹೇಳ್ತಿದ್ದರು. ಈ ರೋಗದಾಗ ಶ್ವಾಸಕೋಶಕ್ಕೆ ರಕ್ತ ಒಯ್ಯೋ ನಾಳಗಳು ಬಿಗಿಯಾಗಿ, ಹೃದಯದ ಬಲಭಾಗ ರಕ್ತ ದೂಡಿ ದೂಡಿ ದಣೀತದ. (ತೋಳಿಗೆ ಪಟ್ಟಿ ಕಟ್ಟಿ ನೋಡೋ ಬಿಪಿ ಬೇರೆ. ಅದು ನಾರ್ಮಲ್ ಇದ್ದರೂ ಇದು ಇರಬಹುದು. ನಮ್ಮ ಓಣಿಯಲ್ಲಿ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.) ದಣಿದ ಹೃದಯಕ್ಕೆ ಮತ್ತೆ ಯಾಕೆ ಕೆಲಸ ಅನ್ನೋದು ಅಂಜಿಕೆ. 2006ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ವೈದ್ಯರು 30 ಪೇಶಂಟ್‌ಗಳ ಅಧ್ಯಯನ ಪ್ರಕಟಿಸಿದರು. ವ್ಯಾಯಾಮ 15 ವಾರ, ಅದರಲ್ಲಿ ಮೊದಲ 3 ವಾರ ಆಸ್ಪತ್ರೆಯಲ್ಲಿ, ಉಳಿದದ್ದು ಮನೆಯಲ್ಲಿ. 6 ನಿಮಿಷದಲ್ಲಿ ಎಷ್ಟು ದೂರ ನಡೀತಾರೆ ಅಂತ ನೋಡಿದಾಗ, ವ್ಯಾಯಾಮ ಮಾಡದವರಿಗಿಂತ ಮಾಡಿದವರ ಸುಧಾರಣೆ ಸರಾಸರಿ 111 ಮೀಟರ್ ಹೆಚ್ಚಿತ್ತು. ಶ್ವಾಸಕೋಶದ ಒತ್ತಡ ಅಷ್ಟೇನೂ ಇಳಿದಿರಲಿಲ್ಲ, ನಡೆಯೋ ಶಕ್ತಿ ಮಾತ್ರ ಬಂದಿತ್ತು. 2022ರ ಯುರೋಪಿನ ಮಾರ್ಗಸೂಚಿಯೂ ಔಷಧಿ ಮೇಲಿರೋ ಪಿಎಎಚ್ (ಶ್ವಾಸಕೋಶದ ರಕ್ತನಾಳಗಳೇ ಕೆಟ್ಟು ಬರೋ, ಈ ರೋಗದ ಒಂದು ಗುಂಪು) ಪೇಶಂಟ್‌ಗಳಿಗೆ ತಜ್ಞರ ನಿಗಾದಲ್ಲಿ ವ್ಯಾಯಾಮ ಮಾಡಿಸಿ ಅಂತ ಹೇಳ್ತದ.

ನಾನು ಮೊದಲ ನಾಲ್ಕು ತಿಂಗಳು ಮಂಚದ ಮೇಲೇ ಇದ್ದೆ. ಬಚ್ಚಲಕ್ಕೆ ಹೋಗಿ ಬರೋದರಾಗ ಮೀನಖಂಡ ನಡುಗುತ್ತಿದ್ದವು. ಅದು ಹೃದಯದ್ದಷ್ಟೇ ಅಲ್ಲ, ಮಲಗಿ ಮಲಗಿ ಕಾಲೇ ಸೋತಿದ್ದವು. ಆಮೇಲೆ ದವಾಖಾನೆಯಲ್ಲಿ 6 ನಿಮಿಷದ ನಡಿಗೆ ಟೆಸ್ಟ್ ಮಾಡಿದರು. ಕಾರಿಡಾರಿನಲ್ಲಿ 30 ಮೀಟರ್ ಅಳತೆ, ಎರಡೂ ತುದಿಗೆ ಒಂದೊಂದು ಕುರ್ಚಿ, ನನ್ನ ಬೆರಳಿಗೆ ಆಕ್ಸಿಮೀಟರ್. "ಅಕ್ಕಾರ, ದಮ್ಮು ಎಷ್ಟು ಹತ್ತೇತ್ರಿ? ಸೊನ್ನೆಯಿಂದ ಹತ್ತರೊಳಗ ಹೇಳ್ರಿ" ಅಂತ ಸಿಸ್ಟರ್. ಏಳು ಅಂದೆ. 290 ಮೀಟರ್ ಆಗಿತ್ತು.

ಫಿಸಿಯೋದವರು ಶುರು ಮಾಡಿಸಿದ್ದು ದಿನಕ್ಕೆ ಐದೇ ನಿಮಿಷ, ಸಪಾಟು ನೆಲದ ಮೇಲೆ. ತಡಕೊಂಡರೆ ವಾರಕ್ಕೊಂದು ನಿಮಿಷ ಜಾಸ್ತಿ. ಆಕ್ಸಿಜನ್ 90ಕ್ಕಿಂತ ಕೆಳಗೆ ಬಂದರೆ, ಇಲ್ಲಾ ನಾಡಿ 120 ದಾಟಿದರೆ ನಿಲ್ಲಬೇಕು. ಇದು ನನಗೆ ಹಾಕಿಕೊಟ್ಟ ಗೆರೆ, ನಿಮ್ಮ ತಾಯಿಯವರದು ಅವರ ಡಾಕ್ಟರೇ ಹೇಳಬೇಕು. ಬೆರಳು ತಣ್ಣಗಿದ್ದರೆ ಆಕ್ಸಿಮೀಟರ್ ಸುಳ್ಳು ಹೇಳ್ತದ, ಕೈ ತಿಕ್ಕಿ ಬೆಚ್ಚಗೆ ಮಾಡಿಕೊಂಡು ನೋಡ್ರಿ.

ವಾಕಿಂಗ್ ಶುರು ಮಾಡಿದ ಮೂರನೇ ತಿಂಗಳು ನಾನು ಶಾಣ್ಯಾತನ ಮಾಡಿದೆ. ತಂಗಿಯ ಮನೆಯವರ ಜೊತೆ ನೃಪತುಂಗ ಬೆಟ್ಟಕ್ಕೆ ಹೋಗಿ, ಮಕ್ಕಳ ಮುಂದೆ ಸಣ್ಣಾಗಬಾರದು ಅಂತ ಏರು ಹತ್ತಿದೆ. ಕಣ್ಣು ಕತ್ತಲೆ ಬಂದು ಅಲ್ಲೇ ಕುಂತುಬಿಟ್ಟೆ. ಬೈತಾರ ಅಂತ ಹದಿನೈದು ದಿನ ಡಾಕ್ಟರಿಗೆ ಹೇಳಲೇ ಇಲ್ಲ. ಹೇಳಿದ ಮೇಲೆ ಬೈದರು, ಮತ್ತೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದರು, ಗುಳಿಗೆ ಬದಲಾಯಿಸಿದರು. ನಡೆಯುವಾಗ ಚಕ್ಕರ್ ಬಂದರೆ, ಎದೆ ಹಿಡಿದರೆ, ಎಚ್ಚರ ತಪ್ಪಿದರೆ ಅವತ್ತೇ ದವಾಖಾನೆಗೆ ಹೋಗಬೇಕು. ಕಾಲು ಬಾತರೆ, ತೂಕ ಒಮ್ಮೆಲೇ ಏರಿದರೆ ಕೂಡಲೇ ಡಾಕ್ಟರಿಗೆ ತಿಳಿಸ್ರಿ, ಅವರು ಹೂಂ ಅನ್ನೋತನಕ ವಾಕಿಂಗ್ ಬೇಡ.

ಯಾರೂ ಹೇಳದ ಒಂದು ಮಾತು ಹೇಳ್ತೀನಿ. ನನಗೆ ನಡಿಗೆಗಿಂತ ಕಷ್ಟ ಆಗಿದ್ದು ಜೋಳದ ರೊಟ್ಟಿ. ನೆಲಕ್ಕೆ ಕುಂತು ಹಿಟ್ಟು ನಾದುವಾಗ ನನಗೇ ಗೊತ್ತಿಲ್ಲದೆ ಉಸಿರು ಬಿಗಿ ಹಿಡೀತಿದ್ದೆ. ತುಂಬಿದ ಬಕೆಟ್ ಎತ್ತುವಾಗ, ಸಂಡಾಸಕ್ಕೆ ತಿಣುಕುವಾಗಲೂ ಅದೇ ಕತೆ. ಹಂಗ ಬಿಗಿ ಹಿಡಿದರೆ ಹೃದಯಕ್ಕೆ ರಕ್ತ ಬರೋದೇ ಕಡಿಮೆಯಾಗಿ ತಲೆ ತಿರುಗ್ತದಂತೆ. ಈಗ ಅಡುಗೆ ಕಟ್ಟೆ ಮುಂದೆ ನಿಂತೇ ನಾದ್ತೀನಿ, ಒತ್ತುವಾಗ ಬಾಯಿಂದ ಉಸಿರು ಬಿಡ್ತೀನಿ, ಬಡಿಯೋದು ಮಗಳು, ಬೇಯಿಸೋದು ನಾನು. ತೋಳಿಗೆ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಕುರ್ಚಿಯಲ್ಲಿ ಕುಂತು ಒಂದೊಂದೇ ಕೈ ಎತ್ತೋ ವ್ಯಾಯಾಮ. ಮೊಬೈಲ್ ನೋಡಿ ಕಪಾಲಭಾತಿ, ಕುಂಭಕ ಮಾಡಿಸಬೇಡ್ರಿ. ಉಸಿರು ಹಿಡಿಯೋದು ಬೇಡ ಅಂತ ನನಗಂತೂ ಖಡಕ್ಕಾಗಿ ಹೇಳಿದಾರೆ.

ಉಣಕಲ್ ಕೆರೆ ದಂಡೆಗೆ ಬೆಳಿಗ್ಗೆ ಎಂಟರೊಳಗೆ ಹೋಗಿ ಬರ್ತೀನಿ. ಬ್ಯಾಸಗಿ ಜೋರಾದಾಗ, ರಸ್ತೆ ಅಗೆದು ಧೂಳೆದ್ದಾಗ ಮನೆ ಪಡಸಾಲೆಯಲ್ಲೇ. ಚಿಗರಿ ಬಸ್ಸಿನ ಹಿಂದೆ ಓಡೋದು ಬಿಟ್ಟಿದ್ದೀನಿ, ಒಂದು ಹೋದರೆ ಇನ್ನೊಂದು ಬರ್ತದ. ಹೋದ ತಿಂಗಳ ಟೆಸ್ಟ್‌ನಲ್ಲಿ 365 ಮೀಟರ್ ಬಂತು, ಎಕೋದಲ್ಲಿ ಒತ್ತಡ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇದೆ.

ತಾಯಿಯವರದು ಯಾವ ಗುಂಪಿನದು ಅಂತ ನೀವು ಬರೆದಿಲ್ಲ. ಈ ರೋಗದಲ್ಲಿ ಐದು ಗುಂಪು. ಎಡ ಹೃದಯದಿಂದ ಬಂದದ್ದು ಬೇರೆ, ಶ್ವಾಸಕೋಶದ ಕಾಯಿಲೆಯಿಂದ ಬಂದದ್ದು ಬೇರೆ. ರಕ್ತ ಹೆಪ್ಪುಗಟ್ಟಿ ಬಂದಿದ್ದರೆ ಕೆಲವರಿಗೆ ಆಪರೇಷನ್ ದಾರಿಯೂ ಉಂಟು. ಮುಂದಿನ ಸಲ ಫೈಲ್ ಒಯ್ದು ಅದನ್ನ ಮೊದಲು ಕೇಳ್ರಿ, ಆಮೇಲೆ 6 ನಿಮಿಷದ ಟೆಸ್ಟ್ ಮಾಡಿಸಿ ಅನ್ನಿ.