ಮೇಷ್ಟ್ರನ್ನು ಕೇಳಿ: ಹಂಡೆಗೆ ನೀರು ತುಂಬಿದ್ದು ಯಾರು?

ಪ್ರಶ್ನೆ: ಮೇಷ್ಟ್ರೇ, ನಾನು ಎಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗೆ ಅಂತ ಎಲ್‌ಎಲ್‌ವಿಎಂನಲ್ಲಿ (ಕಂಪೈಲರ್ ಕಟ್ಟುವ ಸಲಕರಣೆ) ಒಂದು ಪಾಸ್, ಅಂದರೆ ಪ್ರೋಗ್ರಾಂ ಅನ್ನು ಒಂದು ಸುತ್ತು ಪರಿಶೀಲಿಸುವ ಇಲ್ಲವೇ ಬದಲಿಸುವ ಕೋಡ್, ಬರೆಯುತ್ತಿದ್ದೇನೆ. ಒಂದು ಫಂಕ್ಷನ್ ವಾಪಸ್ ಕೊಡುವ ವ್ಯಾಲ್ಯೂ ಯಾವ ಯಾವ ಇನ್‌ಸ್ಟ್ರಕ್ಷನ್‌ಗಳಿಂದ ಬಂತು ಅಂತ ಪಟ್ಟಿ ಮಾಡಬೇಕು. ರಿಟರ್ನ್‌ನಿಂದ ಶುರು ಮಾಡಿ, ಆಪರೆಂಡ್‌ಗಳನ್ನು (ಇನ್‌ಸ್ಟ್ರಕ್ಷನ್ ಬಳಸುವ ವ್ಯಾಲ್ಯೂಗಳನ್ನು) ಹಿಡಿದು ಹಿಂದೆ ಹೋಗುತ್ತೇನೆ. ಎರಡೇ ಹೆಜ್ಜೆಗೆ ದಾರಿ ಮುಗಿಯುತ್ತದೆ. ಒಂದು ಲೋಡ್ (ಮೆಮೊರಿಯಿಂದ ಓದುವುದು) ಸಿಗುತ್ತದೆ, ಅದರ ಹಿಂದೆ ಒಂದು ಅಲೋಕಾ (ಮೆಮೊರಿಯಲ್ಲಿ ಜಾಗ ಹಿಡಿಯುವುದು), ಅಷ್ಟೇ. ಗುಣಿಸಿದ್ದು, ಕಳೆದದ್ದು ಯಾವುದೂ ಪಟ್ಟಿಗೆ ಬರುವುದಿಲ್ಲ. ಗೈಡ್ ಮಾತ್ರ "ಆಪರೆಂಡ್ ನೋಡಪ್ಪಾ, ಎಲ್ಲಾ ಅಲ್ಲೇ ಇರುತ್ತೆ" ಅನ್ನುತ್ತಾರೆ. ಎಲ್ಲಿ ತಪ್ಪುತ್ತಿದ್ದೇನೆ?
— ಹೆಸರು ಬೇಡ, ಮಂಡ್ಯ

ಉತ್ತರ: ನಿಮ್ಮ ಕೋಡ್ ತಪ್ಪಿಲ್ಲ. ಗೈಡ್ ಹೇಳಿದ್ದು ಅರ್ಧ ನಿಜ. ಉಳಿದರ್ಧ ಹೇಳುವುದಕ್ಕೆ ನನಗೆ ಎರಡು ಪುಟ ಬೇಕು, ಸಂಪಾದಕರು ಬೈದುಕೊಳ್ಳಲಿ.

ನಮ್ಮಪ್ಪ ಮದ್ದೂರಿನ ಕಡೆ ನೀರುಗಂಟಿಯಾಗಿದ್ದರು. ವಿಶ್ವೇಶ್ವರಯ್ಯ ನಾಲೆಯ ನೀರು. ಗದ್ದೆಗೆ ನೀರು ಬಂದಿಲ್ಲ ಅಂತ ಯಾರಾದರೂ ರಾತ್ರಿ ಬಾಗಿಲು ತಟ್ಟಿದರೆ, ಲಾಟೀನು ಹಿಡಿದು ಹೊರಡುತ್ತಿದ್ದರು. ಗದ್ದೆಯಿಂದ ಕಾಲುವೆ, ಕಾಲುವೆಯಿಂದ ತೂಬು, ತೂಬಿನಿಂದ ನಾಲೆ. ಯಾವತ್ತೂ ನಾಲೆಯಿಂದ ಶುರು ಮಾಡುತ್ತಿರಲಿಲ್ಲ, ಗದ್ದೆಯಿಂದಲೇ. ನೀವು ಮಾಡುತ್ತಿರುವುದೂ ಅದೇ ಕೆಲಸ. ಇದಕ್ಕೆ ಸ್ಲೈಸಿಂಗ್ ಅನ್ನುತ್ತಾರೆ, 1981ರಲ್ಲೇ ಮಾರ್ಕ್ ವೈಸರ್ ಈ ಬಗ್ಗೆ ಬರೆದಿದ್ದಾರೆ.

ಈಗ ನಿಮ್ಮ ಫಂಕ್ಷನ್. ನೀವು ಕಳಿಸಿದ್ದು ಉದ್ದ ಇತ್ತು, ನಾನು ಗಿಡ್ಡ ಮಾಡಿ ಕನ್ನಡಕ್ಕೆ ಇಳಿಸಿದ್ದೇನೆ. ದಿನ, ದರ ಎರಡೂ ಹೊರಗಿನಿಂದ ಬರುತ್ತವೆ.

ಕೂಲಿ = ದಿನ * ದರ
ಮುಂಗಡ = 200
ಕೂಲಿ > ಮುಂಗಡ ಆದರೆ: ಕೂಲಿ = ಕೂಲಿ - ಮುಂಗಡ
ವಾಪಸ್ ಕೂಲಿ

ಕ್ಲಾಂಗ್ (ಎಲ್‌ಎಲ್‌ವಿಎಂನ ಸಿ ಕಂಪೈಲರ್) ಇದನ್ನು ಓ-0 ಹಂತದಲ್ಲಿ, ಅಂದರೆ ಏನೂ ಸುಧಾರಣೆ ಮಾಡದೆ ತನ್ನ ಒಳಭಾಷೆ ಐಆರ್‌ಗೆ ಇಳಿಸಿದರೆ ಮೊದಲಿಗೆ ನಾಲ್ಕು ಅಲೋಕಾ ಬರುತ್ತವೆ. ದಿನಕ್ಕೊಂದು, ದರಕ್ಕೊಂದು, ಕೂಲಿಗೊಂದು, ಮುಂಗಡಕ್ಕೊಂದು. ನಾಲ್ಕು ಹಂಡೆ ಅಂದುಕೊಳ್ಳಿ. ಆಮೇಲೆ ನಡೆಯುವುದೆಲ್ಲ ಹಂಡೆಗೆ ಸುರಿಯುವುದು, ಹಂಡೆಯಿಂದ ಮೊಗೆಯುವುದು. ಸುರಿಯುವುದು ಸ್ಟೋರ್, ಮೊಗೆಯುವುದು ಲೋಡ್.

ಕೊನೆಯ ಸಾಲು ನೋಡಿ. ರಿಟರ್ನ್‌ನ ಆಪರೆಂಡ್ ಒಂದು ಲೋಡ್. ಲೋಡ್‌ನ ಆಪರೆಂಡ್ ಕೂಲಿಯ ಅಲೋಕಾ. ಅಲೋಕಾಗೆ ಇರುವ ಆಪರೆಂಡ್ 1 ಅನ್ನುವ ಅಂಕೆ, ಒಂದೇ ಹಂಡೆ ಸಾಕು ಅಂತ. ದಾರಿ ಅಲ್ಲಿಗೆ ಮುಗಿಯಿತು. ಯಾವ ಹಂಡೆಯಿಂದ ಮೊಗೆದೆ ಅಂತ ಲೋಡ್ ಹೇಳುತ್ತದೆ. ಹಂಡೆಗೆ ತುಂಬಿದ್ದು ಯಾರು ಅಂತ ಅದಕ್ಕೆ ಗೊತ್ತಿಲ್ಲ. ಇನ್ನು ಸ್ಟೋರ್ ಯಾವ ವ್ಯಾಲ್ಯೂವನ್ನೂ ಹುಟ್ಟಿಸುವುದಿಲ್ಲ. ಹಾಗಾಗಿ ಅದು ಯಾರ ಆಪರೆಂಡೂ ಆಗುವುದಿಲ್ಲ. ಆಪರೆಂಡ್ ಹಿಡಿದು ವರ್ಷವಿಡೀ ನಡೆದರೂ ನಿಮಗೆ ಸ್ಟೋರ್ ಎದುರಾಗುವುದಿಲ್ಲ.

ಇಲ್ಲಿ ಹುಡುಗರು ಮಾಡುವ ಮುಂದಿನ ಕೆಲಸ ನನಗೆ ಗೊತ್ತು. ಅಲೋಕಾದ ಯೂಸರ್ಸ್ (ಅದನ್ನು ಬಳಸುವ ಇನ್‌ಸ್ಟ್ರಕ್ಷನ್‌ಗಳ) ಪಟ್ಟಿ ತೆಗೆದು, ಅದರಲ್ಲಿ ಸ್ಟೋರ್ ಹುಡುಕಿ, ಕೊನೆಯದನ್ನು ಹಿಡಿಯುವುದು. ಕೂಲಿಯ ಯೂಸರ್ಸ್ ಎಣಿಸಿ: ಎರಡು ಸ್ಟೋರ್, ಮೂರು ಲೋಡ್. ಆ ಪಟ್ಟಿ ಪ್ರೋಗ್ರಾಂನ ಕ್ರಮದಲ್ಲಿ ಇರಬೇಕು ಅನ್ನುವ ನಿಯಮವೇ ಇಲ್ಲ. ಇದ್ದರೂ ಪ್ರಯೋಜನವಿಲ್ಲ. ಕೂಲಿ 200ಕ್ಕಿಂತ ಜಾಸ್ತಿ ಇದ್ದರೆ ಎರಡನೇ ಸ್ಟೋರ್ ಸರಿ, ಇಲ್ಲದಿದ್ದರೆ ಮೊದಲನೆಯದು ಸರಿ. ಯಾವ ಒಂದನ್ನು ಹಿಡಿದರೂ ತಪ್ಪೇ.

ಆದ್ದರಿಂದ ಕೈಯಲ್ಲಿ ಹುಡುಕಬೇಡಿ. ನಿಮ್ಮ ಪಾಸ್‌ಗೆ ಮುಂಚೆ ಮೆಮ್‌ಟುರೆಗ್ ಓಡಿಸಿ. ಅದು ಎಲ್‌ಎಲ್‌ವಿಎಂನಲ್ಲೇ ಇರುವ ಪಾಸ್, ಹಂಡೆಗಳನ್ನೇ ಕಿತ್ತುಹಾಕುತ್ತದೆ. ಆಮೇಲೆ ಉಳಿಯುವುದು ಇಷ್ಟು:

ಅ = ಗುಣಿಸು ದಿನ, ದರ
ಆ = ಅ > 200 ?
ಇ = ಅ - 200 (ಆ ನಿಜವಾದರೆ ಮಾತ್ರ)
ಈ = ಫೈ (ಇ, ಅ)
ವಾಪಸ್ ಈ

ಪ್ರತಿ ಹೆಸರಿಗೂ ಒಂದೇ ಸಲ ವ್ಯಾಲ್ಯೂ. ಇದೇ ಎಸ್‌ಎಸ್‌ಎ ರೂಪ. ಎರಡು ದಾರಿ ಸೇರುವ ಕಡೆ ಫೈ ಕೂತು, ಬಂದ ದಾರಿ ನೋಡಿ ವ್ಯಾಲ್ಯೂ ಆರಿಸುತ್ತದೆ, ಎರಡು ಕಾಲುವೆ ಕೂಡುವ ಜಾಗದ ಹಾಗೆ. ಫೈಗಳನ್ನು ಎಲ್ಲೆಲ್ಲಿ ಇಡಬೇಕು ಅಂತ ಲೆಕ್ಕ ಹಾಕುವ ವಿಧಾನವನ್ನು 1991ರಲ್ಲಿ ರಾನ್ ಸೈಟ್ರನ್, ಜೀನ್ ಫೆರಾಂಟೆ ಮತ್ತು ಇನ್ನು ಮೂವರು ವಿವರವಾಗಿ ಬರೆದರು. ಈಗ ನಿಮ್ಮ ಹಳೇ ಕೋಡನ್ನೇ ಓಡಿಸಿ. ಈ, ಇ, ಅ, ದಿನ, ದರ, ಎಲ್ಲಾ ಸಾಲಾಗಿ ಬರುತ್ತವೆ.

ಒಂದು ಎಚ್ಚರಿಕೆ. ಮೆಮ್‌ಟುರೆಗ್ ಓಡಿಸಿದೆ, ಏನೂ ಬದಲಾಗಲಿಲ್ಲ ಅಂತ ಮುಂದಿನ ವಾರ ನೀವು ಬರೆಯುತ್ತೀರಿ. ಓ-0 ಹಂತದಲ್ಲಿ ಕ್ಲಾಂಗ್ ಪ್ರತಿ ಫಂಕ್ಷನ್‌ಗೂ ಆಪ್ಟ್‌ನನ್ ಅಂತ, ಅಂದರೆ ಸುಧಾರಣೆ ಬೇಡ ಅಂತ, ಒಂದು ಮುದ್ರೆ ಒತ್ತುತ್ತದೆ. ಮುದ್ರೆ ಇದ್ದರೆ ಮೆಮ್‌ಟುರೆಗ್ ಒಳಗೆ ಕಾಲಿಡುವುದಿಲ್ಲ. ನಿಮ್ಮ ಪಾಸ್ ಮಾತ್ರ ಓಡುತ್ತಿದೆ ಅಂದರೆ ನೀವು ಎಲ್ಲಿಂದಲೋ ಈಸ್‌ರಿಕ್ವೈರ್ಡ್ (ಮುದ್ರೆ ಇದ್ದರೂ ಓಡಿಸು ಅನ್ನುವ) ಸಾಲನ್ನು ನಕಲು ಮಾಡಿರಬೇಕು, ಅಲ್ವಾ? ಐಆರ್ ತೆಗೆಯುವಾಗ ಎಕ್ಸ್‌ಕ್ಲಾಂಗ್ ಜೊತೆ ಡಿಸೇಬಲ್-ಓ0-ಆಪ್ಟ್‌ನನ್ ಕೊಡಿ. ಸರಿಹೋಗುತ್ತದೆ.

ಈಗ ಆ ಪಟ್ಟಿಯನ್ನು ಇನ್ನೊಂದು ಸಲ ನೋಡಿ. 'ಆ' ಅನ್ನುವ ಹೆಸರು ಎಲ್ಲಿ ಹೋಯಿತು? "ಅ > 200 ?" ಅನ್ನುವ ಹೋಲಿಕೆ ಪಟ್ಟಿಯಲ್ಲಿ ಇಲ್ಲ. ಇರುವುದೂ ಇಲ್ಲ. ಫೈನ ಆಪರೆಂಡ್ ಇ ಮತ್ತು ಅ ಮಾತ್ರ. ಆದರೆ ಕೂಲಿ ಎಷ್ಟು ಅಂತ ತೀರ್ಮಾನ ಮಾಡಿದ್ದು ಆ ಹೋಲಿಕೆಯೂ ಹೌದು. ತೂಬು ತೆಗೆದವನ ಹೆಸರು ನೀರಿನ ಮೇಲೆ ಬರೆದಿರುವುದಿಲ್ಲ. ಇದು ಕಂಟ್ರೋಲ್ ಡಿಪೆಂಡೆನ್ಸ್. ಯಾವ ಬ್ರಾಂಚ್‌ನಿಂದಾಗಿ ಯಾವ ಬ್ಲಾಕ್ ಓಡುತ್ತದೆ ಅಂತ ಪೋಸ್ಟ್ ಡಾಮಿನೇಟರ್ ಮರ (ಮುಂದೆ ತಪ್ಪದೆ ಹಾದುಹೋಗಬೇಕಾದ ಬ್ಲಾಕ್‌ಗಳ ನಕ್ಷೆ) ನೋಡಿ ಕಂಡುಹಿಡಿಯಬೇಕು. ಫೈ ಸಿಕ್ಕಾಗ ಅದಕ್ಕೆ ವ್ಯಾಲ್ಯೂ ಬರುವ ಬ್ಲಾಕ್‌ಗಳು ಯಾವ ಬ್ರಾಂಚ್‌ಗೆ ಕಟ್ಟುಬಿದ್ದಿವೆ ಅಂತ ಹುಡುಕಿ, ಆ ಬ್ರಾಂಚ್‌ನ ಷರತ್ತನ್ನೂ ಪಟ್ಟಿಗೆ ಸೇರಿಸಿ ಅಲ್ಲಿಂದ ಮತ್ತೆ ಹಿಂದೆ ನಡೆಯಿರಿ. ಡೇಟಾ, ಕಂಟ್ರೋಲ್ ಎರಡನ್ನೂ ಒಂದೇ ಗ್ರಾಫ್‌ನಲ್ಲಿ ಹಿಡಿದಿಟ್ಟ ಕೆಲಸ 1987ರದು, ಅಲ್ಲೂ ಫೆರಾಂಟೆ ಇದ್ದಾರೆ. ನಿಮ್ಮ ಪ್ರಾಜೆಕ್ಟ್‌ಗೆ ಇದು ಬೇಕೋ ಬೇಡವೋ ಗೈಡ್ ಜೊತೆ ಮೊದಲೇ ಮಾತಾಡಿಕೊಳ್ಳಿ. ವೈವಾ ದಿನ ಕೇಳಿಸಿಕೊಳ್ಳುವುದು ಬೇಡ.

ಇನ್ನು ಏಡಿ ತೂತಿನ ವಿಷಯ.

ಒಂದು ಸಲ ಅಪ್ಪ ತೂಬು ಮುಚ್ಚಿ ಬಂದಿದ್ದರು. ಬೆಳಿಗ್ಗೆ ನೋಡಿದರೆ ಕೆಳಗಿನ ಗದ್ದೆ ತುಂಬಿತ್ತು. ತೂಬು ಕದ್ದು ತೆಗೆದಿದ್ದಾರೆ ಅಂತ ಜಗಳ ಶುರುವಾಯಿತು. ಅಪ್ಪ ಮಾತಾಡಲಿಲ್ಲ, ಬದುವಿನ ಉದ್ದಕ್ಕೂ ಕಾಲಲ್ಲಿ ತಡವಿಕೊಂಡು ಹೋದರು. ಪಕ್ಕದ ಗದ್ದೆಯ ಬದುವಿನಲ್ಲಿ ಏಡಿ ಕೊರೆದ ತೂತು. ನೀರು ಕಾಲುವೆಯಿಂದ ಬಂದೇ ಇರಲಿಲ್ಲ.

ಪಾಯಿಂಟರ್ ಅಂದರೆ ಆ ತೂತು. ಕೂಲಿಯ ಅಡ್ರೆಸ್ಸನ್ನು ನೀವು ಇನ್ನೊಂದು ಫಂಕ್ಷನ್‌ಗೆ ಕೊಟ್ಟರೆ, ಅದು ಒಳಗೆ ಕೂತು ಕೂಲಿಯನ್ನು ಬದಲಾಯಿಸಬಹುದು. ನಿಮ್ಮ ಫಂಕ್ಷನ್‌ನಲ್ಲಿ ಆ ಬದಲಾವಣೆಗೆ ಒಂದು ಸ್ಟೋರೂ ಕಾಣುವುದಿಲ್ಲ. ಅಂಥ ಹಂಡೆಯನ್ನು ಮೆಮ್‌ಟುರೆಗ್ ಮುಟ್ಟುವುದಿಲ್ಲ. ನೇರವಾದ ಲೋಡ್, ಸ್ಟೋರ್ ಮಾತ್ರ ಇರುವವು ಅದಕ್ಕೆ ಬೇಕು. ಅರೇಗಳೂ ಹಾಗೇ ಉಳಿದುಕೊಳ್ಳುತ್ತವೆ.

ಇಲ್ಲಿ ನಾನೇ ಬಿದ್ದಿದ್ದೇನೆ. ಕಾಲೇಜಿಗೆ ಸೇರುವ ಮೊದಲು ಮೈಸೂರಿನ ಒಂದು ಕಂಪನಿಯಲ್ಲಿದ್ದೆ. ಮೀಟರ್ ಓದುವ ಸಣ್ಣ ಯಂತ್ರಕ್ಕೆ ಕಂಪೈಲರ್ ಕೆಲಸ. ಲೂಪ್ ಒಳಗೆ ಒಂದು ಲೋಡ್ ಸುಮ್ನೆ ಮತ್ತೆ ಮತ್ತೆ ಓಡುತ್ತಿದೆ ಅಂತ ಅದನ್ನು ಲೂಪ್‌ನಿಂದ ಹೊರಗೆ ತೆಗೆಯುವ ಪಾಸ್ ಬರೆದೆ. ಆ ಜಾಗಕ್ಕೆ ಲೂಪ್ ಒಳಗೆ ಯಾರೂ ಬರೆಯುತ್ತಿಲ್ಲ ಅಂತ ಹೆಸರು ನೋಡಿ ತೀರ್ಮಾನ ಮಾಡಿದ್ದೆ. ಇನ್ನೊಂದು ಪಾಯಿಂಟರ್ ಅದೇ ಜಾಗಕ್ಕೆ ಬರೆಯುತ್ತಿತ್ತು. ಮೀಟರ್ ಎಲ್ಲಾ ಸಲವೂ ಮೊದಲನೇ ಅಂಕಿಯನ್ನೇ ತೋರಿಸುತ್ತಿತ್ತು. ತಪ್ಪು ಯಂತ್ರದ್ದು ಅಂತ ಎರಡು ವಾರ ತಂತಿ ಬಿಚ್ಚಿ ನೋಡಿದರು. ನಾನೂ ಪಕ್ಕದಲ್ಲಿ ನಿಂತು ತಲೆ ಆಡಿಸುತ್ತಿದ್ದೆ. ಅಪ್ಪನಿಗೆ ಈ ಕಥೆ ಹೇಳಿದಾಗ "ಬದು ತಡವಲಿಲ್ವೇನೋ?" ಅಂದರು.

ಎಲ್‌ಎಲ್‌ವಿಎಂನಲ್ಲಿ ಬದು ತಡವುವುದಕ್ಕೆ ಮೆಮೊರಿ-ಎಸ್‌ಎಸ್‌ಎ ಇದೆ. ಮೆಮೊರಿಗೆ ಬರೆಯುವ, ಅಥವಾ ಬರೆಯಬಹುದಾದ ಪ್ರತಿಯೊಂದಕ್ಕೂ, ಸ್ಟೋರ್ ಇರಲಿ, ಫಂಕ್ಷನ್ ಕಾಲ್ ಇರಲಿ, ಅದು ಮೆಮೊರಿ-ಡೆಫ್ ಅಂತ ಗುರುತು ಕೊಡುತ್ತದೆ. ಓದುವುದಕ್ಕೆ ಮೆಮೊರಿ-ಯೂಸ್. ದಾರಿಗಳು ಕೂಡುವ ಕಡೆ ಮೆಮೊರಿ-ಫೈ. ಲೋಡ್ ಸಿಕ್ಕಾಗ ಅಲೋಕಾದ ಕಡೆ ಹೋಗುವ ಬದಲು ಮೆಮೊರಿ-ಎಸ್‌ಎಸ್‌ಎಯ ವಾಕರ್‌ಗೆ "ಈ ಲೋಡ್ ಓದುವ ಜಾಗವನ್ನು ಕೆಡಿಸಿದ್ದು ಯಾರು" ಅಂತ ಕೇಳಿ. ಗೆಟ್-ಕ್ಲಾಬರಿಂಗ್-ಮೆಮೊರಿ-ಆಕ್ಸೆಸ್ ಅನ್ನುವುದು ಅದೇ. ಸ್ಟೋರ್ ಸಿಕ್ಕರೆ, ಅದು ಸುರಿಯುತ್ತಿರುವ ವ್ಯಾಲ್ಯೂ ಹಿಡಿದು ಮತ್ತೆ ಆಪರೆಂಡ್ ದಾರಿ. ಲೈವ್-ಆನ್-ಎಂಟ್ರಿ ಅಂತ ಬಂದರೆ, ಫಂಕ್ಷನ್ ಶುರುವಾಗುವ ಮೊದಲೇ ಅಲ್ಲಿದ್ದ ವ್ಯಾಲ್ಯೂ ಅಂತ ಅರ್ಥ.

ಆದರೆ ಅಲ್ಲಿಗೇ ನಿಲ್ಲಬೇಡಿ. ವಾಕರ್ ಕೊಡುವ ಉತ್ತರ "ಇವನೇ" ಅಂತ ಅಲ್ಲ, "ಇವನಿರಬಹುದು" ಅಂತ. ಎರಡು ಪಾಯಿಂಟರ್ ಒಂದೇ ಜಾಗ ತೋರಿಸುತ್ತವೆಯೇ ಅಂತ ಹೇಳುವ ಅಲಯಾಸ್ ಅನಾಲಿಸಿಸ್ ಅನ್ನು ಇನ್ನೊಂದು ಮಾತು ಕೇಳಿ. ಮಸ್ಟ್-ಅಲಯಾಸ್ ಅಂದರೆ, ಬರೆದ ಅಳತೆಯೂ ಓದುವ ಅಳತೆಯೂ ಒಂದೇ ಆಗಿದ್ದರೆ, ಹುಡುಕಾಟ ನಿಲ್ಲಿಸಬಹುದು. ಮೇ-ಅಲಯಾಸ್ ಅಂದರೆ ಈ ಸ್ಟೋರ್ ಬರೆದಿರಬಹುದು, ಬರೆಯದೆಯೂ ಇರಬಹುದು. ಅದನ್ನು ಪಟ್ಟಿಗೆ ಹಾಕಿಕೊಂಡು, ಅದರ ಹಿಂದಿನ ಡೆಫ್‌ಗೂ ಹೋಗಿ. ನಾನು ನೋಡಿದ ಪ್ರಾಜೆಕ್ಟ್‌ಗಳಲ್ಲಿ ಹೆಚ್ಚಿನವು ಮೊದಲ ಉತ್ತರಕ್ಕೇ ನಿಂತು, ನಿಜವಾದ ಸ್ಟೋರನ್ನು ಕಳೆದುಕೊಂಡಿದ್ದವು.

ಪ್ರಶ್ನೆ: ನನ್ನದೂ ಇಂಥದ್ದೇ ಪಾಸ್. ಲೂಪ್ ಇಲ್ಲದ ಫಂಕ್ಷನ್‌ಗಳಲ್ಲಿ ಚೆನ್ನಾಗಿ ಓಡುತ್ತದೆ. ಲೂಪ್ ಇದ್ದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕ್ರ್ಯಾಶ್ ಆಗುತ್ತದೆ. ರಿಕರ್ಷನ್ ಬಳಸಿದ್ದೇನೆ.
— ಓದುಗ, ಕುವೆಂಪುನಗರ, ಮೈಸೂರು

ಉತ್ತರ: ಮೊತ್ತ ಕೂಡಿಸುವ ಲೂಪ್‌ನಲ್ಲಿ ಫೈನ ಆಪರೆಂಡ್ ಒಂದು ಕೂಡುವ ಇನ್‌ಸ್ಟ್ರಕ್ಷನ್. ಆ ಕೂಡುವುದರ ಆಪರೆಂಡ್ ಮತ್ತೆ ಅದೇ ಫೈ. ನಿಮ್ಮ ರಿಕರ್ಷನ್ ದೇವಸ್ಥಾನದ ಪ್ರದಕ್ಷಿಣೆ ಹಾಕುತ್ತಿದೆ, ಸ್ಟ್ಯಾಕ್ ತುಂಬುವವರೆಗೆ. ನೋಡಿದ ಇನ್‌ಸ್ಟ್ರಕ್ಷನ್‌ಗಳನ್ನು ಒಂದು ಸ್ಮಾಲ್-ಪಿಟಿಆರ್-ಸೆಟ್‌ಗೆ ಹಾಕಿ. ಸೇರಿಸುವಾಗಲೇ ಅದು ಹೊಸದೋ ಹಳೆಯದೋ ಹೇಳುತ್ತದೆ, ಹಳೆಯದಾದರೆ ವಾಪಸ್ ಬನ್ನಿ. ರಿಕರ್ಷನ್ ಬಿಟ್ಟು ವರ್ಕ್‌ಲಿಸ್ಟ್ (ಇನ್ನೂ ನೋಡಬೇಕಾದವುಗಳ ಪಟ್ಟಿ) ಇಟ್ಟುಕೊಂಡರೆ ದೊಡ್ಡ ಫಂಕ್ಷನ್‌ಗಳಲ್ಲೂ ಸ್ಟ್ಯಾಕ್ ಚಿಂತೆ ಇರುವುದಿಲ್ಲ. ಮೆಮೊರಿ-ಫೈಗಳಿಗೆ ಹೋದಾಗಲೂ ಇದೇ ಕಾಟ ಇದೆ, ಅವಕ್ಕೂ ಒಂದು ಸೆಟ್ ಇಟ್ಟುಕೊಳ್ಳಿ.

ಪ್ರಶ್ನೆ: ಪಟ್ಟಿ ಸರಿಯಾಗಿ ಬರುತ್ತಿದೆ. ಆದರೆ ಅದರಲ್ಲಿ ನನ್ನ ವೇರಿಯಬಲ್‌ಗಳ ಹೆಸರಿಲ್ಲ, ಬರೀ 3, 7, 12 ಅಂತ ಅಂಕೆಗಳು. ಯಾರಿಗೆ ತೋರಿಸಲಿ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ನಿಮ್ಮ ಕ್ಲಾಂಗ್ ಜಾಗ ಉಳಿಸಲು ಹೆಸರುಗಳನ್ನು ಎಸೆಯುತ್ತಿದೆ. ಎಫ್‌ನೋ-ಡಿಸ್ಕಾರ್ಡ್-ವ್ಯಾಲ್ಯೂ-ನೇಮ್ಸ್ ಕೊಟ್ಟರೆ ಉಳಿಸಿಕೊಳ್ಳುತ್ತದೆ. ಆದರೂ ಅದನ್ನು ನಂಬಿ ಕೋಡ್ ಬರೆಯಬೇಡಿ. ಮೆಮ್‌ಟುರೆಗ್ ಆದಮೇಲೆ ಹಂಡೆಯ ಜೊತೆ ಹಂಡೆಯ ಹೆಸರೂ ಹೆಚ್ಚಿನ ಕಡೆ ಹೋಗುತ್ತದೆ, ಮೇಲಿನ ಮೊದಲ ಕೂಲಿ ಆಮೇಲೆ ಬರೀ ಒಂದು ಗುಣಾಕಾರ. ಕ್ಲಾಂಗ್‌ಗೆ ಡ್ಯಾಶ್-ಜಿ ಕೊಟ್ಟು ಡೀಬಗ್ ಮಾಹಿತಿ ಇಟ್ಟುಕೊಳ್ಳಿ. ಪ್ರತಿ ಇನ್‌ಸ್ಟ್ರಕ್ಷನ್ ಯಾವ ಸಾಲಿನಿಂದ ಬಂತು ಅಂತ ಅದರ ಡೀಬಗ್ ಲೊಕೇಶನ್‌ನಲ್ಲಿ ಸಿಗುತ್ತದೆ. ತೋರಿಸುವಾಗ ಹೆಸರಿನ ಬದಲು ಸಾಲಿನ ಸಂಖ್ಯೆ ತೋರಿಸಿ. ಫೈಗಳಿಗೆ ಕೆಲವು ಸಲ ಸಾಲು ಸಿಗುವುದಿಲ್ಲ, ಅಂಥ ಕಡೆ ಅದರ ಆಪರೆಂಡ್‌ಗಳ ಸಾಲನ್ನು ಹಾಕಿ.